ಒಂದು ಮತದಿಂದ ಸೋತ ಪ್ರಧಾನಿ

"ಗುರುಗಳೇ, ಊರಿಗೆ ಒಳ್ಳೆಯದು ಯಾವುದೆಂದು ಒಬ್ಬನಿಗೆ ಚೆನ್ನಾಗಿ ಗೊತ್ತಿದೆ. ಉಳಿದವರಿಗೆ ಗೊತ್ತಿಲ್ಲ. ಹಾಗಿದ್ದೂ ಅವನು ಉಳಿದವರ ಒಪ್ಪಿಗೆಗೆ ಏಕೆ ಕಾಯಬೇಕು?"

ಕೇಳಿದವನು ಬಸವಂತನೆಂಬ ಶಿಷ್ಯ. ಅವನ ನಾಡಿನಲ್ಲಿ ಅರಸೊತ್ತಿಗೆ ಮುಗಿದು, ಜನರು ಆರಿಸಿದ ಸಭೆ ಆಳತೊಡಗಿ ಇನ್ನೂ ಮೂರು ವರ್ಷವಾಗಿರಲಿಲ್ಲ. ಆ ಸಭೆಗೆ ಈಗ ಅವನನ್ನೂ ಆರಿಸಿದ್ದರು. ಮರುದಿನ ಅವನು ಹೊರಡಬೇಕಾಗಿತ್ತು. ಪ್ರಶ್ನೆ ಕೇಳುವಾಗ ಅವನ ದನಿಯಲ್ಲಿ ಅಸಹನೆ ಇತ್ತು.

ಗುರುಗಳು ಒಂದು ಕತೆ ಹೇಳತೊಡಗಿದರು.

ಎರಡು ಹೊಳೆಗಳು ಕೂಡುವಲ್ಲಿ ಒಂದು ಪಟ್ಟಣವಿತ್ತು. ಅದರ ಕೊನೆಯ ಅರಸನಿಗೆ ಮಕ್ಕಳಿರಲಿಲ್ಲ. ಅವನು ತೀರಿಕೊಂಡ ಮೇಲೆ ಜನ ಇನ್ನೊಬ್ಬ ಅರಸನನ್ನು ಹುಡುಕಲಿಲ್ಲ. ಬೀದಿಗೊಬ್ಬರಂತೆ ಇಪ್ಪತ್ತೊಂದು ಜನ ಅರಮನೆಯ ಅಂಗಳದಲ್ಲಿ ಕೂತರು. ಏಳು ತಿಂಗಳು ವಾದ ಮಾಡಿದರು. ಜಗಳವಾಡಿದರು. ಇಬ್ಬರು ಸಿಟ್ಟಿನಿಂದ ಎದ್ದು ಹೋಗಿ, ನಾಲ್ಕು ದಿನ ಬಿಟ್ಟು ತಾವಾಗಿಯೇ ಬಂದರು. ಕೊನೆಗೆ ಒಂದು ಕಟ್ಟಳೆ ಬರೆದು ಎಲ್ಲರೂ ಅದಕ್ಕೆ ಸಹಿ ಹಾಕಿದರು.

ಸಭೆ ತನ್ನೊಳಗಿನ ಒಬ್ಬರನ್ನು ಪ್ರಧಾನಿಯಾಗಿ ಆರಿಸಬೇಕು. ಸಭೆಯ ಹೆಚ್ಚಿನವರಿಗೆ ನಂಬಿಕೆ ಇರುವ ತನಕ ಮಾತ್ರ ಆ ಪ್ರಧಾನಿ ಆಳಬೇಕು. ಸಭೆಯಲ್ಲಿ ಯಾರು ಏನು ಕೇಳಿದರೂ ಎದ್ದು ನಿಂತು ಉತ್ತರ ಹೇಳಬೇಕು. ಪಟ್ಟಣದ ಮುದ್ರೆ ಪ್ರಧಾನಿಯ ಕೈಯಲ್ಲಿರಬಾರದು. ಅದನ್ನು ಕಾಯುವುದಕ್ಕೆ ಬೇರೆ ಒಬ್ಬ ಹಿರಿಯನಿರಬೇಕು. ಕಟ್ಟಳೆಯಲ್ಲಿ ಇವೆಲ್ಲ ಇದ್ದವು. ಇನ್ನೊಂದು ಮಾತನ್ನು ಅವರು ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಬರೆಸಿದರು. ಮನೆಯವರ ಮಾತನ್ನು ಸಭೆ ಕೇಳದೆ ಯಾರ ಮನೆಯನ್ನೂ ಮುಟ್ಟಬಾರದು. ಕೊನೆಯ ಅರಸ ಕುದುರೆ ಲಾಯ ಕಟ್ಟಿಸುವುದಕ್ಕೆಂದು ಒಂದು ಬೀದಿಯನ್ನೇ ಕೆಡವಿಸಿದ್ದನ್ನು ಅವರು ಮರೆತಿರಲಿಲ್ಲ.

ಕಲ್ಲುಕುಟಿಗರ ಬೀದಿಯ ಮಾಚಯ್ಯ ಪ್ರಧಾನಿಯಾದ. ಪ್ರಾಮಾಣಿಕ ಮನುಷ್ಯ. ಆರು ವರ್ಷ ಆಳಿದರೂ ಅವನ ಮನೆಗೆ ಒಂದು ಹೊಸ ಬಾಗಿಲು ಕೂಡ ಬರಲಿಲ್ಲ. ಕಲ್ಲು, ಮಣ್ಣು, ನೀರು ಇವುಗಳ ವಿಷಯದಲ್ಲಿ ಅವನಿಗೆ ತಿಳಿದಷ್ಟು ಪಟ್ಟಣದಲ್ಲಿ ಬೇರೆ ಯಾರಿಗೂ ತಿಳಿದಿರಲಿಲ್ಲ.

ಏಳನೆಯ ವರ್ಷ ಮಳೆ ಬೇಗ ಬಂತು. ಸ್ನಾನಘಟ್ಟದ ಮೆಟ್ಟಿಲುಗಳು ದಿನಕ್ಕೊಂದರಂತೆ ನೀರಿನೊಳಗೆ ಹೋಗತೊಡಗಿದವು. ಜನ ಬೆಳಿಗ್ಗೆ ಎದ್ದು ಮೊದಲು ಮೆಟ್ಟಿಲು ಎಣಿಸಿ ಬಂದು ಆಮೇಲೆ ಒಲೆ ಹಚ್ಚುತ್ತಿದ್ದರು. ಮಾಚಯ್ಯ ಹೊಳೆಯನ್ನು ತಡೆದಿದ್ದ ಮಣ್ಣಿನ ಒಡ್ಡಿನ ಮೇಲೆ ನಡೆದು ನೋಡಿದ. ಬೆಸ್ತರ ಬೀದಿಯ ಹಿಂದೆ ಮಣ್ಣು ಒಳಗಿನಿಂದ ನೆನೆದಿತ್ತು. ಕಾಲಿಟ್ಟಲ್ಲಿ ಹೆಜ್ಜೆ ಇಳಿಯುತ್ತಿತ್ತು. ಅಲ್ಲಿ ಒಡ್ಡನ್ನು ಅಗಲ ಮಾಡಬೇಕು. ಅಗಲ ಮಾಡಬೇಕಾದರೆ ಹದಿಮೂರು ಮನೆಗಳು ಹೋಗಬೇಕು.

ಸಭೆ ಸೇರುವುದಕ್ಕೆ ಇನ್ನೂ ಒಂಬತ್ತು ದಿನವಿತ್ತು. ಹದಿಮೂರು ಮನೆಯವರ ಮಾತು ಕೇಳಿ ಮುಗಿಸಲು ಇನ್ನೆಷ್ಟು ದಿನವೋ. ಕೊನೆಗೆ ಯಾರನ್ನೂ ಕೇಳದೆ ಗುದ್ದಲಿ ಹಾರೆ ಹಿಡಿದ ಆಳುಗಳನ್ನು ಬೆಸ್ತರ ಬೀದಿಗೆ ಕಳಿಸಿದ.

ಮಧ್ಯಾಹ್ನದ ಹೊತ್ತಿಗೆ ಮೂರು ಮನೆ ಬಿದ್ದಿದ್ದವು. ಗೌರವ್ವನೆಂಬ ವಿಧವೆ ಸಂತೆಯಲ್ಲಿ ಮೀನು ಮಾರಿ ಹಿಂತಿರುಗಿದಾಗ ಅವಳ ಮನೆಯ ಬಾಗಿಲು ರಸ್ತೆಯಲ್ಲಿ ಬಿದ್ದಿತ್ತು. ಉಪ್ಪಿನ ಮಡಕೆ ಒಡೆದಿತ್ತು.

ಸಭೆಯ ಮೂರನೆಯ ಒಂದು ಭಾಗದವರು ಕೇಳಿದರೆ ಮರುದಿನವೇ ಸಭೆ ಕರೆಯಬೇಕೆಂದು ಕಟ್ಟಳೆಯಲ್ಲಿತ್ತು. ಏಳು ಜನ ಕೇಳಿದರು. ಸಭೆ ಸೇರಿತು. ಗೌರವ್ವ ಬಂದು ನಡುವೆ ನಿಂತಳು.

"ಹೊಳೆ ಕೇಳದೆ ಬರುತ್ತದೆ, ಸ್ವಾಮಿ. ಅದಕ್ಕೆ ಹೆದರಿಯೇ ನಾವು ನಿಮ್ಮನ್ನು ನಂಬಿಕೊಂಡಿದ್ದು. ನೀವೂ ಕೇಳದೆ ಬಂದಿರಿ."

ಅವಳು ಅಷ್ಟನ್ನೇ ಹೇಳಿದಳು. ಮಾಚಯ್ಯ ಎದ್ದು ಒಡ್ಡಿನ ಸ್ಥಿತಿಯನ್ನು ವಿವರಿಸಿದ. ನೀರಿನ ವಿಷಯದಲ್ಲಿ ಅವನು ಹೇಳಿದ್ದನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೂ ಗಾಣಿಗರ ಬೀದಿಯ ನೀಲವ್ವ ಎದ್ದು, ಈ ಪ್ರಧಾನಿಯ ಮೇಲೆ ಸಭೆಗೆ ನಂಬಿಕೆ ಉಳಿದಿದೆಯೇ ಎಂದು ಮತ ಕೇಳಿದಳು.

ಇದೆ ಎಂದವರು ಮಾಚಯ್ಯನೂ ಸೇರಿ ಹತ್ತು ಜನ. ಇಲ್ಲವೆಂದು ಹತ್ತು ಜನ ನಿಂತರು. ಉಳಿದವನು ಮಾಚಯ್ಯನ ಬಾಲ್ಯದ ಗೆಳೆಯ. ಅವನು ಮಾಚಯ್ಯನ ಮುಖ ನೋಡದೆ, ಇಲ್ಲವೆಂದವರ ಕಡೆ ಎದ್ದು ನಿಂತ.

ಸೋತ ಪ್ರಧಾನಿ ಸೂರ್ಯ ಮುಳುಗುವುದರೊಳಗೆ ಮುದ್ರೆ ಕಾಯುವ ಹಿರಿಯನ ಬಳಿಗೆ ಹೋಗಿ ಅಧಿಕಾರ ಬಿಟ್ಟೆನೆಂದು ಹೇಳಬೇಕು. ಅದೂ ಕಟ್ಟಳೆಯಲ್ಲಿತ್ತು. ಮಾಚಯ್ಯ ತನ್ನ ಕೋಣೆಗೆ ಬಂದು ಕೂತ. ಅವನ ಹಿಂದೆಯೇ ಕಾವಲುಪಡೆಯ ದಳವಾಯಿ ಬೊಮ್ಮರಸ ಒಳಗೆ ಬಂದ.

"ಪ್ರಧಾನಿಗಳೇ, ಹೊರಗೆ ನನ್ನ ಮುನ್ನೂರು ಜನ ಇದ್ದಾರೆ. ನೀವು ಹೂಂ ಅನ್ನಿ ಸಾಕು, ಸಭೆಯ ಬಾಗಿಲು ಹಾಕಿಸುತ್ತೇನೆ. ಒಂದೇ ವಾರ. ಒಡ್ಡು ಮುಗಿದ ಮೇಲೆ ತೆರೆದರಾಯಿತು."

"ತೆರೆಯುವವರು ಯಾರು?"

"ನೀವೇ."

"ಆಗ ನನಗೆ ಮನಸ್ಸು ಬಾರದಿದ್ದರೆ?"

"ನಿಮ್ಮಂಥವರು ಹಾಗೆ ಮಾಡುವುದಿಲ್ಲ."

"ಗೌರವ್ವನ ಮನೆಗೆ ಆಳು ಕಳಿಸಿದವನೂ ನನ್ನಂಥವನೇ, ಬೊಮ್ಮರಸ."

ದಳವಾಯಿ ಹೋಗಲಿಲ್ಲ. ಮಾಚಯ್ಯನೂ ಏಳಲಿಲ್ಲ. ಕಿಟಕಿಯಿಂದ ಹೊಳೆ ಕಾಣುತ್ತಿತ್ತು. ಬೆಳಿಗ್ಗೆ ಕಂಡಿದ್ದ ಮೆಟ್ಟಿಲೊಂದು ಈಗ ಇರಲಿಲ್ಲ. ಹೂಂ ಅಂದರೆ ಒಡ್ಡು ಉಳಿಯುತ್ತದೆ. ಅದು ಅವನಿಗೆ ತನ್ನ ಅಂಗೈಯಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಎರಡು ಸಲ ಅವನು ಹೂಂ ಎನ್ನಲು ಬಾಯಿ ತೆರೆದ. ಹೊರಗೆ ಬೀದಿಗಳಲ್ಲಿ ಅಂಗಡಿಗಳು ಮುಚ್ಚಿದ್ದವು. ಕಾವಲಿನವರು ಗುಂಪು ಗುಂಪಾಗಿ ನಿಂತದ್ದನ್ನು ಕಂಡ ತಾಯಂದಿರು ಮಕ್ಕಳನ್ನು ಒಳಗೆ ಕರೆದುಕೊಂಡಿದ್ದರು. ಸಭೆಯ ಇಪ್ಪತ್ತು ಜನ ಕೂತಲ್ಲೇ ಕೂತಿದ್ದರು. ಯಾರಿಗೂ ಮನೆಗೆ ಹೋಗುವ ಧೈರ್ಯವಿರಲಿಲ್ಲ.

ಬಿಸಿಲು ಗೋಡೆಯ ಮೇಲಿನಿಂದ ಇಳಿಯುತ್ತಿದ್ದಾಗ ಮಾಚಯ್ಯ ಎದ್ದ. ದಳವಾಯಿಯ ಮುಂದೆ ಹಾದು, ಮುದ್ರೆ ಕಾಯುವ ಹಿರಿಯನ ಮನೆಗೆ ನಡೆದು ಹೋದ. ಬಿಟ್ಟೆನೆಂದು ಹೇಳಿದ.

ಸಭೆ ನೀಲವ್ವನನ್ನು ಪ್ರಧಾನಿಯಾಗಿ ಆರಿಸಿತು. ಮಾಚಯ್ಯ ಅವಳ ಬಳಿಗೆ ಹೋಗಿ, "ತಾಯಿ, ಬೆಸ್ತರ ಬೀದಿಯ ಹಿಂದೆ ಮಣ್ಣು ನೆನೆದಿದೆ. ತಡಮಾಡಬೇಡಿ" ಎಂದ. ಆಮೇಲೆ ತನ್ನ ಬೀದಿಯ ಸದಸ್ಯನಾಗಿ ಅವಳ ಎದುರಿನ ಸಾಲಿನಲ್ಲಿ ಹೋಗಿ ಕೂತ.

ನೀಲವ್ವ ತಡಮಾಡಲಿಲ್ಲ. ಹದಿಮೂರು ಮನೆಯವರನ್ನೂ ಸಭೆಗೆ ಕರೆಸಿದಳು. ಆದರೆ ಕೇಳಿ ಮುಗಿಸುವುದಕ್ಕೆ ಆರು ದಿನ ಹಿಡಿಯಿತು. ಬದಲಿ ಜಾಗ ಎಲ್ಲಿ, ದೋಣಿ ಕಟ್ಟುವುದೆಲ್ಲಿ, ಬಲೆ ಒಣಗಿಸುವುದೆಲ್ಲಿ ಎಂದು ಅವರು ಕೇಳಿದರು. ಎಲ್ಲ ನ್ಯಾಯವಾದ ಪ್ರಶ್ನೆಗಳೇ. ಏಳನೆಯ ದಿನ ಎಲ್ಲರೂ ಒಪ್ಪಿ ಮನೆ ಬಿಟ್ಟರು. ಗೌರವ್ವನೇ ಮೊದಲು ಬಂದು ಮಣ್ಣು ಹೊತ್ತಳು. ಮಾಚಯ್ಯ ಕಲ್ಲು ಇಡುವ ಕಡೆ ಆಳಿನಂತೆ ನಿಂತು ದುಡಿದ.

ಹತ್ತನೆಯ ದಿನ ಹೊಳೆ ಒಡ್ಡನ್ನು ಒಡೆಯಿತು. ಕೆಲಸ ಅರ್ಧವೂ ಆಗಿರಲಿಲ್ಲ. ಬೆಸ್ತರ ಬೀದಿ ಖಾಲಿಯಿತ್ತು. ನೀರು ಅದನ್ನು ದಾಟಿ ಪಕ್ಕದ ಮೇದರ ಬೀದಿಗೆ ನುಗ್ಗಿತು. ಇಬ್ಬರು ಸತ್ತರು.

ನೀರು ಇಳಿದ ಮೇಲೆ ಸಭೆ ಸೇರಿತು. ಮಾಚಯ್ಯ ಎದ್ದು ನಿಂತ.

"ಸತ್ತವರ ಹೆಸರು ಪ್ರಧಾನಿಗಳು ಸಭೆಗೆ ಹೇಳಬೇಕು."

ನೀಲವ್ವ ಎದ್ದಳು. "ಮೇದರ ಕಾಟಯ್ಯ. ಅವನ ಮಗಳು ಹನುಮಕ್ಕ. ಬುಟ್ಟಿ ಹೆಣೆಯುತ್ತಿದ್ದರು."

"ಆರು ದಿನ ಏಕೆ ಹಿಡಿಯಿತು?"

"ಒಬ್ಬೊಬ್ಬರನ್ನೇ ಕೇಳಿದೆ. ಹದಿಮೂರು ಮನೆಯವರನ್ನೂ ಒಟ್ಟಿಗೆ ಕೂರಿಸಿ ಕೇಳಬಹುದಾಗಿತ್ತು. ನನಗೆ ಹೊಳೆಯಲಿಲ್ಲ. ತಪ್ಪು ನನ್ನದು."

ಅವಳ ದನಿ ಒಡೆಯಿತು. ಆದರೂ ಅವಳು ಕೂರಲಿಲ್ಲ. ಎರಡು ದಿನ ಕೇಳಿದ್ದಕ್ಕೆಲ್ಲ ನಿಂತೇ ಉತ್ತರ ಹೇಳಿದಳು. ಮೂರನೆಯ ದಿನ ಯಾರೂ ಮತಕ್ಕೆ ಹಾಕುವ ಮೊದಲೇ ಹಿರಿಯನ ಬಳಿಗೆ ಹೋಗಿ ಅಧಿಕಾರ ಬಿಟ್ಟಳು. ಸಭೆ ಕಟ್ಟಳೆಗೆ ಒಂದು ಸಾಲು ಸೇರಿಸಿತು. ನೆರೆಯ ಕಾಲದಲ್ಲಿ ಮನೆಯವರೆಲ್ಲರ ಮಾತನ್ನು ಒಂದೇ ದಿನದಲ್ಲಿ ಕೇಳಿ ಮುಗಿಸಬೇಕು; ಆದರೆ ಆಗಲೂ ಕೇಳದೆ ಮನೆ ಮುಟ್ಟಬಾರದು. ಆಮೇಲೆ ಆ ಪಟ್ಟಣಕ್ಕೆ ಎಷ್ಟೋ ಸಲ ನೆರೆ ಬಂತು. ಯಾರೂ ಸಾಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಬಸವಂತನಿಗೆ ಸಮಾಧಾನವಾಗಲಿಲ್ಲ.

"ಅಂದರೆ ಮಾಚಯ್ಯನ ಮಾತೇ ಸರಿಯಾಗಿತ್ತಲ್ಲ, ಗುರುಗಳೇ. ಅವನು ಅಂದು ಸಭೆಯ ಬಾಗಿಲು ಹಾಕಿಸಿದ್ದರೆ ಆ ಇಬ್ಬರು ಬದುಕಿರುತ್ತಿದ್ದರು."

"ಬದುಕಿರುತ್ತಿದ್ದರು."

"ಹಾಗಾದರೆ ಆ ಬಾಗಿಲು ತೆರೆದೇ ಇದ್ದುದರಿಂದ ಬಂದ ಭಾಗ್ಯವೇನು?"

ಗುರುಗಳು ಹೇಳಿದರು.

"ಇಬ್ಬರು ಸತ್ತರೆಂದು ನಿನಗೆ ಗೊತ್ತಾದದ್ದೇ ಆ ಬಾಗಿಲು ತೆರೆದಿದ್ದರಿಂದ, ಬಸವಂತ. ಬಾಗಿಲು ಹಾಕಿದ ಮೇಲೆ ಎಷ್ಟು ಜನ ಸತ್ತರೂ ಅವರ ಹೆಸರು ಕೇಳುವವರು ಇರುವುದಿಲ್ಲ."