ಎಲ್ಲರಿಗೂ ತಲೆಯಾಡಿಸಿದ ಓತಿಕ್ಯಾತ

ಕಾಡಂಚಿನಲ್ಲಿ ಒಂದು ಕೆರೆ, ಕೆರೆಯ ದಡದಲ್ಲಿ ಒಂದು ಹುಣಸೆಮರ. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷವೂ ಆ ಮರದ ನೆರಳಿನಲ್ಲಿ ಸುತ್ತಮುತ್ತಲಿನ ಜೀವಿಗಳೆಲ್ಲ ಸೇರುತ್ತಿದ್ದವು. ಗೀಜಗ ಗೂಡು ಹೆಣೆಯುವ ಬಗೆ ಹೇಳಿಕೊಡುತ್ತಿತ್ತು. ಅಳಿಲು ಕಾಳು ಕೆಡದಂತೆ ಬಚ್ಚಿಡುವ ಬಗೆ ಹೇಳುತ್ತಿತ್ತು. ಗೊತ್ತಿದ್ದವರು ಹೇಳಬೇಕು, ಗೊತ್ತಿಲ್ಲದವರು ಕೇಳಬೇಕು, ಅಷ್ಟೇ. ಇದಕ್ಕೆ ಕಸುಬಿನ ಕೂಟ ಎಂದು ಹೆಸರು.

ಕೂಟ ನಡೆಸುತ್ತಿದ್ದವನು ಒಬ್ಬ ಓತಿಕ್ಯಾತ. ಕೆಲಸಗಾರನೇನೋ ಹೌದು, ಬೆಳಗಿನಿಂದ ಓಡಾಡಿ ಎಲ್ಲರಿಗೂ ಜಾಗ ತೋರಿಸುತ್ತಿದ್ದ. ಆದರೆ ಅವನಿಗೊಂದು ರೋಗವಿತ್ತು. ಯಾರು ಏನು ಕೇಳಿದರೂ ತಲೆಯಾಡಿಸಿಬಿಡುತ್ತಿದ್ದ. ‘ಆಗಲ್ಲ’ ಎನ್ನುವ ಮಾತು ಅವನ ಬಾಯಿಗೆ ಬರುತ್ತಲೇ ಇರಲಿಲ್ಲ. ಕೆರೆಯವರೆಲ್ಲ ಇದನ್ನು ಒಳ್ಳೆಯತನ ಎಂದುಕೊಂಡಿದ್ದರು. ಮಕ್ಕಳೇ, ಅದು ಒಳ್ಳೆಯತನವಲ್ಲ, ಶುದ್ಧ ಪುಕ್ಕಲುತನ.

ಕೂಟದ ಕೊನೆಗೆ ಒಂದು ಸ್ಪರ್ಧೆ ಇರುತ್ತಿತ್ತು. ಅದು ಇರುವೆಗಳಿಗಾಗಿ. ಅವುಗಳ ಗೂಡು ಕೆರೆಯ ತಗ್ಗಿನಲ್ಲಿತ್ತು. ಮಳೆ ಬಂದು ನೀರು ನುಗ್ಗಿದರೆ ಮೊಟ್ಟೆಗಳನ್ನೆಲ್ಲ ಹೊತ್ತು ಮೇಲಿನ ದಿಬ್ಬಕ್ಕೆ ಹೋಗಬೇಕು. ಬಾಯಲ್ಲಿ ಮೊಟ್ಟೆ ಕಚ್ಚಿಕೊಂಡ ಇರುವೆಗೆ ನಿಂತು ಯೋಚಿಸಲು ಪುರುಸೊತ್ತೆಲ್ಲಿ? ಮೊದಲೇ ಕಲಿಸಿಟ್ಟ ಸೂಚನೆ ಬೇಕು. ಸೂಚನೆ ಹೇಗಿದೆಯೋ ಹಾಗೇ ಅವು ನಡೆಯುತ್ತವೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಸ್ಪರ್ಧೆಯಲ್ಲಿ ಗೆದ್ದ ಸೂಚನೆಯನ್ನೇ ಆ ವರ್ಷ ಸಾಲಿಗೆಲ್ಲ ಕಲಿಸುತ್ತಿದ್ದರು.

ಪರೀಕ್ಷೆಗೆಂದು ಮರದ ಕೆಳಗೆ ಹರಳು, ಕಡ್ಡಿಗಳನ್ನಿಟ್ಟು ಗೂಡಿನಿಂದ ದಿಬ್ಬದವರೆಗಿನ ದಾರಿಯದೇ ಅಳತೆಯ ಮಾದರಿ ಮಾಡುತ್ತಿದ್ದರು. ಸ್ಪರ್ಧಿಗಳು ಸೂಚನೆ ಹೇಳಿ ಮುಗಿಸಿದ ಮೇಲೆ ಓತಿಕ್ಯಾತ ಬಾಲದಿಂದ ಹರಳುಗಳನ್ನು ಸರಿಸಿಬಿಡುತ್ತಿದ್ದ. ಮಳೆ ಬಿದ್ದ ಮೇಲೆ ದಾರಿ ನಿನ್ನೆ ಇದ್ದ ಹಾಗೆ ಇರುವುದಿಲ್ಲವಲ್ಲ! ಸರಿಸಿದ ಮೇಲೂ ಇರುವೆಗಳನ್ನು ದಿಬ್ಬ ಮುಟ್ಟಿಸಿದರೆ ಮಾತ್ರ ಆ ಸೂಚನೆ ಗೆದ್ದ ಹಾಗೆ.

ಆ ವರ್ಷ ಹೆಗ್ಗಣ ಸಾಹುಕಾರ ಹೊಟ್ಟೆ ಮುಂದೆ ಮಾಡಿಕೊಂಡು ಬಂದ.

“ಓತಿಯಣ್ಣಾ, ಈ ಸಲದ ಬಹುಮಾನ ನನ್ನ ಕಡೆಯಿಂದ. ಇಡೀ ಒಂದು ಬೆಲ್ಲದಚ್ಚು! ಬಂದವರಿಗೆಲ್ಲ ಕಡಲೆಕಾಯಿ!”

ಯಾರ ಮನೆಯ ಅಟ್ಟದ ಬೆಲ್ಲ ಅದು ಎಂದು ಯಾರೂ ಕೇಳಲಿಲ್ಲ. ಓತಿಕ್ಯಾತನಂತೂ ಉಬ್ಬಿಹೋದ. ತನ್ನ ಕೂಟಕ್ಕೆ ಸಾಹುಕಾರರು ಬರುವುದೆಂದರೇನು!

“ಸ್ಪರ್ಧೆಗೆ ನನ್ನ ಹೆಸರಿಡಬೇಕು.”

ಓತಿಕ್ಯಾತ ತಲೆಯಾಡಿಸಿದ.

“ಈ ಮರದ ಒಂದೊಂದು ಎಲೆ ಮೇಲೂ ನನ್ನ ಪಾದದ ಗುರುತು ಇರಬೇಕು.”

ಹುಣಸೆ ಎಲೆ ಎಷ್ಟಗಲ ಇರುತ್ತದೆ ಎಂದೂ ನೋಡದೆ ಮಹಾಶಯ ತಲೆಯಾಡಿಸಿದ.

“ಮತ್ತೆ ಆ ಹರಳು ಸರಿಸೋ ಆಟ ಬೇಡ. ಇರುವೆ ತಡವರಿಸ್ತಾ ನಿಂತರೆ ನೋಡೋಕೆ ಚೆನ್ನಾಗಿರಲ್ಲ. ಯಾರು ಬೇಗ ದಿಬ್ಬ ಮುಟ್ಟಿಸ್ತಾರೋ ಅವರಿಗೆ ಬೆಲ್ಲ. ಆಮೇಲೆ ನನ್ನ ಭಾಷಣ.”

ಇದು ತಪ್ಪು ಎಂದು ಓತಿಕ್ಯಾತನಿಗೆ ಚೆನ್ನಾಗಿ ಗೊತ್ತಿತ್ತು. ಆದರೇನು, ತಲೆ ಅಷ್ಟರಲ್ಲೇ ಆಡಿಯಾಗಿತ್ತು.

ಸ್ವಲ್ಪ ಹೊತ್ತಿಗೆ ಸ್ಪರ್ಧೆಗೆ ಸೇರಿದ್ದ ಏಡಿಯಕ್ಕ ಬಂದಳು. “ಓತಿಯಣ್ಣಾ, ಈ ಸಲ ಹರಳು ಸರಿಸಲ್ವಂತೆ ಅಂತ ಯಾರೋ ಅಂದ್ರು. ಸರಿಸ್ತೀಯ ತಾನೇ?”

ಓತಿಕ್ಯಾತ ತಲೆಯಾಡಿಸಿದ.

ಅವಳ ಹಿಂದೆಯೇ ಇರುವೆಗಳ ಹಿರಿಯಜ್ಜಿ ಬಂದಳು. “ನಮ್ಮ ಕೂಸುಗಳ ಜೀವದ ಮಾತಪ್ಪಾ ಇದು. ಗಟ್ಟಿಯಾಗಿ ಪರೀಕ್ಷೆ ಮಾಡ್ತೀಯಲ್ಲ?”

ಅಜ್ಜಿಗೂ ತಲೆಯಾಡಿಸಿದ. ಅಜ್ಜಿ ನೆಮ್ಮದಿಯಿಂದ ಹೋದಳು.

ಸ್ಪರ್ಧೆ ಶುರುವಾಯಿತು. ಗಿಳಿರಾಯ ಬೆಳಗಿನಿಂದ ಕೊಂಬೆಯ ಮೇಲೆ ಕೂತು ಮಾದರಿ ದಾರಿಯನ್ನೇ ನೋಡಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದ. ಕತ್ತು ಕೊಂಕಿಸಿ ಹೇಳಿದ: “ಇಪ್ಪತ್ತು ಹೆಜ್ಜೆ ನೇರ. ಎಡಕ್ಕೆ ತಿರುಗಿ. ಹತ್ತು ಹೆಜ್ಜೆ. ಬಲಕ್ಕೆ ತಿರುಗಿ. ಕೊನೆವರೆಗೂ ನೇರ.” ಇರುವೆಗಳು ಸರಸರ ನಡೆದು ಕಣ್ಣು ಮಿಟುಕಿಸುವಷ್ಟರಲ್ಲಿ ದಿಬ್ಬ ಮುಟ್ಟಿದವು. ಚಪ್ಪಾಳೆಯೋ ಚಪ್ಪಾಳೆ.

ಏಡಿಯಕ್ಕನ ಸೂಚನೆಯೇ ಬೇರೆ. “ತಡೆ ಸಿಕ್ಕರೆ ಅದನ್ನ ಮುಟ್ಟಿಕೊಂಡೇ ಸುತ್ತಿ. ಕಾಲಿಗೆ ತೇವ ತಾಗಿದರೆ ಹಿಂದಕ್ಕೆ ಬನ್ನಿ. ಯಾವಾಗಲೂ ಏರಿನ ಕಡೆಗೇ ಮುಖ.” ಇರುವೆಗಳು ಒಂದೊಂದು ಹರಳನ್ನೂ ತಡಕುತ್ತಾ ನಿಧಾನವಾಗಿ ಹೋದವು. ಹೆಗ್ಗಣ ಆಕಳಿಸಿದ.

“ಈಗ ಹರಳು ಸರಿಸಣ್ಣ!” ಏಡಿಯಕ್ಕ ಕೂಗಿದಳು.

ಎಲ್ಲರೂ ಓತಿಕ್ಯಾತನ ಕಡೆ ತಿರುಗಿದರು. ಅವನು ಏಡಿಯಕ್ಕನನ್ನು ನೋಡಿದ, ಅಜ್ಜಿಯನ್ನು ನೋಡಿದ, ಕೊನೆಗೆ ಬೆಲ್ಲದಚ್ಚಿನ ಮೇಲೆ ಕೈಯಿಟ್ಟುಕೊಂಡು ಕೂತ ಹೆಗ್ಗಣನನ್ನು ನೋಡಿದ.

“ಹೊತ್ತಾಯ್ತು ಕಣಕ್ಕ,” ಎಂದ. “ಸಾಹುಕಾರರ ಭಾಷಣ ಇದೆ.”

ಬೆಲ್ಲ ಗಿಳಿರಾಯನಿಗೆ ಹೋಯಿತು. ಸೂಚನೆ ಇರುವೆಗಳಿಗೆ ಹೋಯಿತು. ಹೆಗ್ಗಣ ತನ್ನ ಉದಾರ ಗುಣವನ್ನು ತಾನೇ ಹೊಗಳಿಕೊಳ್ಳುತ್ತಾ ಹೋದ. ಕಡಲೆಕಾಯಿ ಮುಗಿದರೂ ಭಾಷಣ ಮುಗಿಯಲಿಲ್ಲ.

ಭಾಷಣವನ್ನು ಮುಗಿಸಿದ್ದು ಮಳೆ. ಗಾಳಿ ಬೀಸಿ, ಗುಡುಗಿ, ಒಂದೇ ಸಮನೆ ಸುರಿಯಿತು. ಇರುವೆಗಳು ಗೂಡಿಗೆ ಓಡಿ, ಮೊಟ್ಟೆಗಳನ್ನು ಕಚ್ಚಿಕೊಂಡು, ಗೆದ್ದ ಸೂಚನೆಯಂತೆ ಹೊರಟವು. ದಾರಿಗೆ ಅಡ್ಡವಾಗಿ ಒಂದು ಒಣಕೊಂಬೆ ಮುರಿದು ಬಿದ್ದಿತ್ತು. ಅದನ್ನು ಹತ್ತಿ ಇಳಿಯುವುದರಲ್ಲೇ ಇಪ್ಪತ್ತು ಹೆಜ್ಜೆ ಮುಗಿದುಹೋಯಿತು. ಸೂಚನೆ ‘ಎಡಕ್ಕೆ’ ಎಂದಿತ್ತು. ಎಡಕ್ಕೆ ತಿರುಗಿದವು. ಅಲ್ಲಿ ಈಗಷ್ಟೇ ಹುಟ್ಟಿದ ಕೆಂಪು ನೀರಿನ ಹರಿವು. ಮುಂದಿನ ಇರುವೆ ಬಿತ್ತು, ಅದರ ಹಿಂದಿನದು ಬಿತ್ತು, ಅದರ ಹಿಂದಿನದೂ ಬಿತ್ತು.

ಗಿಳಿರಾಯ ಮೇಲಿನಿಂದ ಇನ್ನೂ ಜೋರಾಗಿ ಕೂಗುತ್ತಿದ್ದ: “ಇಪ್ಪತ್ತು ಹೆಜ್ಜೆ ನೇರ! ಎಡಕ್ಕೆ ತಿರುಗಿ!” ಪಾಪ, ಅವನಿಗೆ ಬೇರೇನೂ ಬರುತ್ತಿರಲಿಲ್ಲ.

ಏಡಿಯಕ್ಕ ನೀರಿಗೆ ನುಗ್ಗಿ ತನ್ನ ಇಕ್ಕಳದಂಥ ಮುಂಗಾಲನ್ನು ಸಾಲಿಗೆ ಅಡ್ಡ ಇಟ್ಟಳು. “ನಿಲ್ಲಿ! ನಾನು ಹೇಳಿದ್ದು ನೆನಪು ಮಾಡ್ಕೊಳ್ಳಿ! ತೇವ ತಾಗಿದರೆ ಹಿಂದಕ್ಕೆ! ಏರಿನ ಕಡೆಗೆ!” ಸಾಲು ಹಿಂದೆ ಸರಿಯಿತು, ಕೊಂಬೆಯನ್ನು ಮುಟ್ಟಿಕೊಂಡೇ ಸುತ್ತಿತು, ನಿಧಾನವಾಗಿ ದಿಬ್ಬ ಹತ್ತಿತು. ಉಳಿದವು ಉಳಿದವು. ಎಷ್ಟೋ ಮೊಟ್ಟೆಗಳು ನೀರುಪಾಲಾಗಿದ್ದವು.

ಮಳೆ ನಿಂತಿತು. ಗಿಳಿರಾಯನ ಬೆಲ್ಲ ಕರಗಿ ಹರಿದುಹೋಗಿತ್ತು. ಎಲೆಗಳ ಮೇಲೆ ಒತ್ತಿದ್ದ ಹೆಗ್ಗಣನ ಪಾದದ ಗುರುತೂ ತೊಳೆದುಹೋಗಿತ್ತು.

“ನಾನು ಬೆಲ್ಲ ಕೊಟ್ಟವನು ಅಷ್ಟೇ,” ಎಂದ ಹೆಗ್ಗಣ. “ಸ್ಪರ್ಧೆ ನಡೆಸಿದ್ದು ಅವನು. ಇದರಲ್ಲಿ ನನ್ನ ಹೆಸರು ಎತ್ತಬೇಡಿ.” ಬೆಳಿಗ್ಗೆ ಎಲೆ ಎಲೆಯ ಮೇಲೂ ತನ್ನ ಗುರುತು ಬೇಕೆಂದವನು ಬಿಲ ಸೇರಿ ಬಾಗಿಲಿಗೆ ಮಣ್ಣು ಮುಚ್ಚಿಕೊಂಡ.

ಓತಿಕ್ಯಾತ ಒಬ್ಬನೇ ಉಳಿದ. ಒದ್ದೆ ಮೈಯ ಹಿರಿಯಜ್ಜಿ ಅವನ ಮುಂದೆ ಬಂದು ನಿಂತಳು. ಬೈಯಲಿಲ್ಲ, ಅಳಲಿಲ್ಲ.

“ಹರಳು ಸರಿಸಿ ನೋಡಿದ್ದೆ ತಾನೇ, ಅಪ್ಪಾ?”

ಓತಿಕ್ಯಾತ ‘ಇಲ್ಲ ಅಜ್ಜಿ, ತಪ್ಪಾಯ್ತು’ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ತಲೆ ತನ್ನ ಪಾಡಿಗೆ ತಾನು ಹೌದು ಹೌದು ಎಂದು ಆಡಿತು.

ಅಜ್ಜಿ ಅವನನ್ನೇ ನೋಡಿದಳು. “ನಿನ್ನ ತಲೆ ನಂಬಿ ಕೂಸುಗಳನ್ನ ಕಳಿಸಿದೆನಲ್ಲಪ್ಪಾ,” ಎಂದಳು. ಬೆನ್ನು ತಿರುಗಿಸಿ ದಿಬ್ಬದ ಕಡೆ ಹೊರಟಳು.

ಮರುವರ್ಷವೂ ಹುಣಸೆಮರದ ಕೆಳಗೆ ಕೂಟ ಸೇರಿತು. ಬೆಲ್ಲವಿರಲಿಲ್ಲ, ಭಾಷಣವಿರಲಿಲ್ಲ. ಏಡಿಯಕ್ಕ ಯಾರನ್ನೂ ಕೇಳದೆ ಹರಳುಗಳನ್ನು ಸರಿಸಿದಳು. ಓತಿಕ್ಯಾತ ದೂರದ ಬೇಲಿಯ ಮೇಲೆ ಕೂತು ತಲೆಯಾಡಿಸುತ್ತಲೇ ಇದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ.

ನೀತಿ: ಎಲ್ಲರಿಗೂ ಹೂಂ ಎನ್ನುವವನ ಹೂಂಗೆ ಬೆಲೆಯಿಲ್ಲ, ಬಹುಮಾನ ಕೊಟ್ಟವನ ಮುಖ ನೋಡಿ ಪರೀಕ್ಷೆಯನ್ನು ಸಡಿಲಿಸಿದರೆ ಪೆಟ್ಟು ಬೀಳುವುದು ನಂಬಿದವರಿಗೆ.