ಕರಿಯವ್ವನ ಹೊಸ ನಳಿಗೆ

ದಿಂಬು ನೇರ ಮಾಡಿಕೋ. ಕೈ ಹೊದಿಕೆಯ ಒಳಗಿರಲಿ. ಕತೆ ಕೇಳುವವರು ಊಂ ಅನ್ನಬೇಕು, ನಡುವೆ ಬಾಯಿ ಹಾಕಬಾರದು. ಹೇಳಲಾ?

ಒಂದಾನೊಂದು ಕಾಲದಲ್ಲಿ, ಮನೆಮಂದಿಗೆ ಇಟ್ಟ ಹಾಗೆ ಮನೆಯ ಕೋವಿಗೂ ಹೆಸರಿಡುತ್ತಿದ್ದ ಕಾಲದಲ್ಲಿ, ನಮ್ಮ ಕೊಡಗಿನಲ್ಲಿ ಉತ್ತಯ್ಯ ಅಂತ ಒಬ್ಬ ಯಜಮಾನ ಇದ್ದನಂತೆ. ಅವನ ಮನೆಯ ಬೇಟೆಕೋವಿಯ ಹೆಸರು ಕರಿಯವ್ವ. ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ತುರುಕಿ, ಆಮೇಲೆ ಬುಡದ ಸಣ್ಣ ಕಿವಿಗೆ ಬೆಂಕಿ ಮುಟ್ಟಿಸಬೇಕಾದ ಹಳೆಯ ಕಾಲದ ಕೋವಿ. ಮನೆಯಲ್ಲಿ ಗಂಡು ಹುಟ್ಟಿದರೆ ಕರಿಯವ್ವ ಒಂದು ಸಲ ಗುಡುಗುತ್ತಿದ್ದಳಂತೆ. ಏಳು ಊರು ಕೇಳಿಸಿಕೊಂಡು, ಓ, ಉತ್ತಯ್ಯನ ಮನೆಗೆ ಮಗ ಬಂದ ಅನ್ನುತ್ತಿತ್ತಂತೆ. ಹೆಣ್ಣು ಹುಟ್ಟಿದರೆ ಕಂಚಿನ ತಟ್ಟೆ ಬಡಿಯುವುದು. ಅದು ಅಂಗಳ ದಾಟಿದರೆ ಹೆಚ್ಚು.

ಆ ವರ್ಷ ಕೈಲ್ ಪೊಳ್ದ್ ಹಬ್ಬ ಬಂತಂತೆ. ಆಯುಧಗಳಿಗೆಲ್ಲ ಪೂಜೆ ಮಾಡುವ ಹಬ್ಬ, ನಿನಗೆ ಗೊತ್ತಲ್ಲ, ಬೆಂಕಿಯ ನಾಲಿಗೆಯ ಹಾಗಿರುವ ಕೆಂಪು ಹಳದಿ ತೋಕ್ ಪೂವನ್ನು ಕೋವಿಯ ಬಾಯಿಗೆ ಸಿಕ್ಕಿಸುತ್ತೇವಲ್ಲ, ಅದೇ. ಉತ್ತಯ್ಯನ ಸೊಸೆ ದೇಚವ್ವ ಆಗ ಆರು ತಿಂಗಳ ಬಸುರಿ. ಅವಳೇ ಹೂ ಸಿಕ್ಕಿಸಿದಳಂತೆ. ಪೂಜೆ ಮುಗಿಯಿತು, ಆಮೇಲೆ ಎಲ್ಲರೂ ಬಯಲಿಗೆ ಹೋಗಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಟ್ಟರಂತೆ. ಮದ್ದು ಗುಂಡು ಆಗಲೇ ತುಂಬಿತ್ತು. ದೇಚವ್ವನ ಗಂಡ ಬೆಳ್ಯಪ್ಪ ಹೂ ಕಿತ್ತು ತನ್ನ ಕಿವಿಗೆ ಸಿಕ್ಕಿಸಿಕೊಂಡು ಕೋವಿಯ ಕಿವಿಗೆ ಬತ್ತಿ ಮುಟ್ಟಿಸಿದನಂತೆ. ತೆಂಗಿನಕಾಯಿ ಅಲ್ಲಾಡಲಿಲ್ಲ, ಕರಿಯವ್ವನ ನಳಿಗೆಯೇ ಸೀಳಿಹೋಯಿತಂತೆ. ಬೆಳ್ಯಪ್ಪನ ಒಂದು ಹುಬ್ಬು ಸುಟ್ಟಿತು, ಜೀವ ಉಳಿಯಿತು.

ಉತ್ತಯ್ಯ ಒಂದು ಗಳಿಗೆಯೂ ಯೋಚಿಸಲಿಲ್ಲವಂತೆ. ಕಮ್ಮಾರ ಕೋರ ಐರಿಯನ್ನು ಕರೆಸಿ, ಏನಯ್ಯ, ಈ ನಳಿಗೆ ಮಾಡಿದವನು ನಿನ್ನ ತಾತ ತಾನೇ, ಕಬ್ಬಿಣ ಬಡಿದನೋ ರೊಟ್ಟಿ ತಟ್ಟಿದನೋ ಅಂದನಂತೆ. ಸೊಸೆ ಹೆರುವುದರೊಳಗೆ ಹೊಸ ನಳಿಗೆ ಆಗಬೇಕು, ಎರಡರಷ್ಟು ಮದ್ದು ತಡೆಯಬೇಕು, ಇಲ್ಲದಿದ್ದರೆ ತಿದಿ ಸುತ್ತಿಗೆ ಹೊತ್ತು ಹೊಳೆ ದಾಟು, ಈ ನಾಡಿನಲ್ಲಿ ಐರಿ ಅನ್ನೋ ಹೆಸರು ಬೇಡ ಅಂದನಂತೆ. ಕೋರ ಐರಿಗೆ ಎಪ್ಪತ್ತು ವರ್ಷ. ಹೊಳೆ ದಾಟಿದರೆ ಅವನ ತಾತನ ಕುಲುಮೆಯೂ ಇಲ್ಲ, ತಾತನ ಮಾನವೂ ಇಲ್ಲ. ಕೈ ಮುಗಿದು ಬಂದನಂತೆ.

ಅವನಿಗೆ ಮೂವರು ಗಂಡುಮಕ್ಕಳು.

ದೊಡ್ಡವನು ಮುದ್ದ, ಬಲಶಾಲಿ. ಅಪ್ಪಯ್ಯ, ಇದೇನು ಮಹಾ ಅಂದು, ಕಬ್ಬಿಣದ ಪಟ್ಟಿಯನ್ನು ವೀಳ್ಯದೆಲೆ ಮಡಿಚುವ ಹಾಗೆ ಸಲಾಕೆಯ ಮೇಲೆ ಉದ್ದಕ್ಕೆ ಮಡಿಚಿ, ಅಂಚಿಗೆ ಅಂಚು ಕೂಡಿಸಿ ಬಡಿದನಂತೆ. ಮೂರೇ ದಿನದಲ್ಲಿ ನಳಿಗೆ. ಗದ್ದೆಯ ನಡುವಿನ ಹಲಸಿನ ಬೊಡ್ಡೆಗೆ ಅದನ್ನು ಬೆತ್ತದಿಂದ ಬಿಗಿದು, ಎರಡರಷ್ಟು ಮದ್ದು ಹಾಕಿ, ಉದ್ದ ಬತ್ತಿ ಹಚ್ಚಿ, ಎಲ್ಲರೂ ಬದುವಿನ ಹಿಂದೆ ಮಲಗಿದರಂತೆ. ಢಂ! ಎದ್ದು ನೋಡಿದರೆ ಹೊಲಿಗೆ ಬಿಟ್ಟ ಚೀಲದ ಹಾಗೆ ಉದ್ದಕ್ಕೂ ಬಿರಿದಿತ್ತಂತೆ.

ನಡುವಿನವನು ಕಾವ, ಜಾಣ. ಅಣ್ಣ, ಉದ್ದಕ್ಕೆ ಹೊಲಿಗೆ ಇದ್ದರೆ ಉದ್ದಕ್ಕೇ ಬಿಡುತ್ತೆ, ಬುಗುರಿಗೆ ದಾರ ಸುತ್ತುವ ಹಾಗೆ ಪಟ್ಟಿ ಸುತ್ತಬೇಕು ಅಂದನಂತೆ. ಸುತ್ತಿದ, ಚೆನ್ನಾಗಿಯೇ ಸುತ್ತಿದ. ಆದರೆ ಜಾಣರಿಗೆ ಕಾಯುವುದು ಗೊತ್ತಿಲ್ಲ, ಕುಂಞಿ, ನನ್ನ ಕೂಸೇ. ಕಬ್ಬಿಣ ಕೆಂಪಾದ ಕೂಡಲೇ ಬಡಿದುಬಿಟ್ಟ, ಬೆಳ್ಳಗಾಗುವವರೆಗೆ ತಡೆಯಲಿಲ್ಲ. ಸುತ್ತು ಸುತ್ತಿನ ನಡುವೆ ಕಬ್ಬಿಣದ ಹೊಟ್ಟು ಉಳಿಯಿತು. ಮತ್ತೆ ಹಲಸಿನ ಬೊಡ್ಡೆ, ಮತ್ತೆ ಢಂ, ನಳಿಗೆ ಚಕ್ಕುಲಿಯ ಹಾಗೆ ಬಿಚ್ಚಿಕೊಂಡಿತಂತೆ.

ಉತ್ತಯ್ಯ ಬದುವಿನ ಮೇಲೆ ನಿಂತು, ಐರಿ, ಹೊಳೆಯಲ್ಲಿ ನೀರು ಇಳಿದಿದೆ, ದಾಟೋಕೆ ಸುಲಭ ಅಂದನಂತೆ.

ಕಿರಿಯವನು ತಿಮ್ಮು. ಅವನು ಮಾತೇ ಆಡದವನು. ಅಪ್ಪ ಪಟ್ಟಿ ಕೊಟ್ಟರೆ ಮುಟ್ಟಲಿಲ್ಲವಂತೆ. ಹಳೆಯದು ಯಾಕೆ ಒಡೆಯಿತು ಅಂತ ತಿಳಿಯದೆ ಹೊಸದು ಮಾಡಲಾರೆ ಅಂದನಂತೆ. ಅಯ್ಯೋ ಪೆದ್ದ, ದಿನ ಎಣಿಸಿದರೆ ಇನ್ನು ತಿಂಗಳಿಲ್ಲ ಅಂತ ಅಣ್ಣಂದಿರು ಬೈದರಂತೆ. ಅವನು ಎದ್ದು ನೇರ ಉತ್ತಯ್ಯನ ಮನೆಗೆ ಹೋಗಿ, ಕರಿಯವ್ವನನ್ನು ಒಮ್ಮೆ ನೋಡಬೇಕು ಅಂದನಂತೆ.

ಮುರಿದ ಕೋವಿಯನ್ನು ಯಾರೂ ಎಸೆದಿರಲಿಲ್ಲ. ದೇವರ ದೀಪದ ಕೆಳಗೆ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ತಿಮ್ಮು ಬಟ್ಟೆ ಸರಿಸಿ ನೋಡಿದನಂತೆ. ನೋಡಿ ಅಲ್ಲೇ ಕೂತುಬಿಟ್ಟನಂತೆ. ನಳಿಗೆಯ ಬಾಯಿ ಆರು ಎಸಳಾಗಿ ಬಿರಿದು ಹಿಂದಕ್ಕೆ ಮಡಿಚಿಕೊಂಡಿತ್ತು, ತೋಕ್ ಪೂವಿನ ಹಾಗೇ, ಕಬ್ಬಿಣದ ತೋಕ್ ಪೂ.

ಯಜಮಾನರೇ, ನನ್ನ ಮುತ್ತಾತನ ಕಬ್ಬಿಣ ಕೆಟ್ಟಿದ್ದರೆ ಮದ್ದು ಇರುವ ಬುಡದಲ್ಲಿ ಒಡೆಯಬೇಕಿತ್ತು, ಬುಡ ಕಲ್ಲಿನ ಹಾಗಿದೆ, ಒಡೆದದ್ದು ಬಾಯಿ, ಯಾರೋ ಇವಳ ಬಾಯಿ ಕಟ್ಟಿದ್ದರು ಅಂದನಂತೆ.

ಮಾತು ಹೆಚ್ಚಾಯಿತು ಅಂತ ಉತ್ತಯ್ಯ ಎದ್ದ. ಆಗ ಒಳಗಿಂದ ದೇಚವ್ವ ಬಂದಳಂತೆ. ಒಂಬತ್ತು ತಿಂಗಳ ಹೊಟ್ಟೆ, ಒಂದು ಕೈ ಗೋಡೆಗೆ, ಇನ್ನೊಂದು ಕೈಯಲ್ಲಿ ಜೇನುಮೇಣದ ಉಂಡೆ. ಮಾವ, ಹೂ ಜಾರಿ ಜಾರಿ ಬೀಳುತ್ತಿತ್ತು, ಹೊಸ ಸೊಸೆ ಇಟ್ಟ ಹೂ ಬಿತ್ತು ಅಂದುಬಿಡುತ್ತಾರೆ ಅಂತ ಬಾಯೊಳಗೆ ಮೇಣ ಒತ್ತಿ ಸಿಕ್ಕಿಸಿದ್ದೆ, ಅವರು ಹೂ ಕಿತ್ತರು, ಮೇಣ ಉಳಿಯಿತು, ಹೇಳೋಕೆ ಹೆದರಿದೆ, ತಪ್ಪು ನನ್ನದು, ಐರಿಯ ತಾತನದ್ದಲ್ಲ ಅಂದಳಂತೆ.

ಉತ್ತಯ್ಯ ಸೊಸೆಯನ್ನು ಬೈಯಲಿಲ್ಲವಂತೆ. ಅವಳು ಮೂರು ತಿಂಗಳು ತಡೆದು ಹೇಳಿದಳು, ನಾನು ಗಳಿಗೆ ತಡೆಯದೆ ಹೇಳಿದೆ, ಯಾರದು ದೊಡ್ಡ ತಪ್ಪು ಅಂದನಂತೆ. ತಲೆಯ ವಸ್ತ್ರ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು ಕುಲುಮೆಗೆ ನಡೆದು, ಕೋರ ಐರಿಯ ಎದುರು ನಿಂತು, ನನಗೆ ಕೆಲಸ ಕೊಡು ಅಂದನಂತೆ. ಮುದುಕ ಐರಿ ಅವನನ್ನು ಮೇಲಿಂದ ಕೆಳಗೆ ನೋಡಿ, ತಿದಿ ಒತ್ತೋಕೆ ಬರುತ್ತಾ ಅಂತ ಕೇಳಿದನಂತೆ. ಬರಲ್ಲ. ಹಾಗಾದರೆ ಕಲಿ, ಉಸಿರು ಒಂದೇ ಸಮ ಇರಬೇಕು, ಕೋಪ ಬಂದ ಹಾಗೆ ಒತ್ತಿದರೆ ಕಬ್ಬಿಣ ಸುಟ್ಟುಹೋಗುತ್ತೆ ಅಂದನಂತೆ.

ಕಣ್ಣು ಮುಚ್ಚುತ್ತಾ ಇದೆಯಲ್ಲ ನಿನಗೆ. ಈಗಲೇ ತೆರೆಯಬೇಕಾದ್ದು.

ಏಳು ದಿನ ಯಜಮಾನ ತಿದಿ ಒತ್ತಿದನಂತೆ. ತಿಮ್ಮು ಕರಿಯವ್ವನ ಹಳೆಯ ಕಬ್ಬಿಣವನ್ನೇ ಕಾಯಿಸಿ, ಹೊಸ ಕಬ್ಬಿಣದ ಜೊತೆ ಹೆಣೆದು ಪಟ್ಟಿ ಮಾಡಿದ, ಆಮೇಲೆ ಸಲಾಕೆಗೆ ಸುತ್ತಿದ, ಆಮೇಲೆ ಕಾದ. ಕೆಂಪಾಯಿತು, ಬಡಿ ಅಂದರು ಅಣ್ಣಂದಿರು, ಅವನು ಬಡಿಯಲಿಲ್ಲ. ಹಳದಿಯಾಯಿತು, ಬಡಿಯಲಿಲ್ಲ. ಬೆಣ್ಣೆಯ ಬಣ್ಣ ಬಂತು, ಮೈಯಿಂದ ಮಲ್ಲಿಗೆ ಮೊಗ್ಗಿನಂಥ ಕಿಡಿ ಹಾರಿತು, ಆಗ ಬಡಿದನಂತೆ. ಒಂದು ಗೇಣು ಕೂಡುವುದಕ್ಕೆ ಒಂದು ದಿನ. ಎರಡು ಸುತ್ತು ಒಂದಾಗುವುದನ್ನು ಉತ್ತಯ್ಯ ಕಣ್ಣಾರೆ ನೋಡಿದನಂತೆ. ಗೆರೆ ಇತ್ತು, ಇತ್ತು, ಆಮೇಲೆ ಇಲ್ಲ. ಅರವತ್ತು ವರ್ಷ ಕೋವಿ ಹಿಡಿದಿದ್ದೇನೆ, ಹಿಡಿದದ್ದು ಏನು ಅಂತ ಇವತ್ತು ಗೊತ್ತಾಯಿತು ಅಂದನಂತೆ.

ಆಮೇಲೆ ಒಳಗನ್ನು ಕೊರೆದರು, ಮೂಡುವ ಸೂರ್ಯನಿಂದ ಮುಳುಗುವ ಸೂರ್ಯನವರೆಗೆ, ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟು. ಆಮೇಲೆ ತಿಮ್ಮು ಒಳಗೆ ಒಂದು ರೇಷ್ಮೆ ಎಳೆ ಬಿಗಿದು, ಡೊಂಕು ಎಲ್ಲಿದೆ ನೋಡಿ, ಮರದ ಸುತ್ತಿಗೆಯಿಂದ ತಟ್ಟಿ ನೇರ ಮಾಡಿದ. ಬುಡಕ್ಕೆ ಬಿರಡೆ ತಿರುಪುವ ಮೊದಲು, ಯಜಮಾನರೇ, ನೋಡಿ ಅಂತ ನಳಿಗೆಯನ್ನು ಆಕಾಶಕ್ಕೆ ಹಿಡಿದನಂತೆ. ಉತ್ತಯ್ಯ ಒಂದು ಕಣ್ಣು ಮುಚ್ಚಿ ನೋಡಿದ. ಒಳಗೆ ಬೆಳಕಿನ ಬಳೆಗಳು! ಒಂದರೊಳಗೆ ಒಂದು, ಒಂದರೊಳಗೆ ಒಂದು, ಕಣ್ಣು ಹೋದಷ್ಟು ದೂರ, ಕೊನೆಯಲ್ಲಿ ಸಾಸಿವೆಯಷ್ಟು ನೀಲಿ ಆಕಾಶ. ಎಷ್ಟೋ ಹೊತ್ತು ಅವನು ಕಣ್ಣು ತೆಗೆಯಲಿಲ್ಲವಂತೆ.

ಮಾರನೆಯ ದಿನ ಬೆಳಗ್ಗೆ ಮತ್ತೆ ಹಲಸಿನ ಬೊಡ್ಡೆಗೆ ಕಟ್ಟಿದರು. ಅದೇ ಹೊತ್ತಿಗೆ ಮನೆಯಲ್ಲಿ ದೇಚವ್ವನಿಗೆ ನೋವು ಶುರುವಾಗಿತ್ತಂತೆ. ತಿಮ್ಮು ಮದ್ದು ಹಾಕುವ ಮೊದಲು ನಳಿಗೆಯ ಬಾಯಿಗೆ ಬಾಯಿಟ್ಟು ಊದಿದ, ಅಪ್ಪ ಬುಡದ ಕಿವಿಯ ಹತ್ತಿರ ಕೆನ್ನೆ ಹಿಡಿದ. ಉಸಿರಿದೆ, ಮಗ ಅಂದನಂತೆ. ಎರಡರಷ್ಟು ಮದ್ದು ಹಾಕಿದರು, ಬತ್ತಿ ಹಚ್ಚಿದರು. ಕೋರ ಐರಿ ಮಾತ್ರ ಬದುವಿನ ಹಿಂದೆ ಮಲಗಲಿಲ್ಲ, ನಿಂತೇ ಇದ್ದ.

ಕರಿಯವ್ವ ಗುಡುಗಿದಳು! ಎದುರು ಬೆಟ್ಟ ಆ ಗುಡುಗನ್ನು ಹಿಂದಿನ ಬೆಟ್ಟಕ್ಕೆ ಕೊಟ್ಟಿತು, ಅದು ಅದರ ಹಿಂದಿನದಕ್ಕೆ ಕೊಟ್ಟಿತು. ಹೊಗೆ ಸರಿದಾಗ ನಳಿಗೆ ಹಾಗೇ ಇತ್ತಂತೆ, ಒಂದು ಕೂದಲಿನ ಬಿರುಕೂ ಇಲ್ಲ. ಮುದುಕ ಐರಿ ಹೋಗಿ ಅದಕ್ಕೆ ಕೆನ್ನೆ ಒತ್ತಿ ಅತ್ತನಂತೆ. ಅಷ್ಟರಲ್ಲಿ ಮನೆಯ ಕಡೆಯಿಂದ ಟಣ ಟಣ ಅಂತ ಕಂಚಿನ ತಟ್ಟೆಯ ಸದ್ದು.

ಏಳು ಊರಿನವರಿಗೆ ತಟ್ಟೆ ಕೇಳಲಿಲ್ಲ, ಗುಡುಗು ಕೇಳಿತು. ಮಗ ಹುಟ್ಟಿದ ಅಂತ ಜೇನು, ಬಾಳೆಗೊನೆ ಹೊತ್ತು ಓಡಿ ಬಂದರಂತೆ. ಬಂದು ನೋಡಿದರೆ ತೊಟ್ಟಿಲಲ್ಲಿ ಹೆಣ್ಣು. ಪಕ್ಕದೂರಿನ ಮುದುಕನೊಬ್ಬ ನಕ್ಕು, ಏನು ಉತ್ತಯ್ಯ, ನಿನ್ನ ಹೊಸ ಕೋವಿಗೆ ಕಣ್ಣು ಕಾಣಲ್ವೋ ಅಂದನಂತೆ.

ಉತ್ತಯ್ಯನ ಅಂಗೈಯಲ್ಲಿ ತಿದಿಯ ಗುಳ್ಳೆ ಇನ್ನೂ ಆರಿರಲಿಲ್ಲ. ಅವಳ ಒಳಗೆ ಕಣ್ಣಿಟ್ಟು ನೋಡಿದವನು ನಾನು, ಅವಳಿಗಿಂತ ಚೆನ್ನಾಗಿ ಕಾಣುವವರು ಈ ನಾಡಿನಲ್ಲಿಲ್ಲ ಅಂದನಂತೆ. ಕರಿಯವ್ವ ಹೇಳಿ ಆಯಿತು, ಬೆಟ್ಟಗಳು ಕೇಳಿ ಆಯಿತು, ಕೇಳಿದ ಮಾತನ್ನು ಬೆಟ್ಟ ವಾಪಸು ಕೊಡುತ್ತಾ? ಇನ್ನು ಈ ಮನೆಯಲ್ಲಿ ಯಾರು ಹುಟ್ಟಿದರೂ ಅವಳೇ ಹೇಳಲಿ. ತಂದ ಜೇನು ಇಳಿಸು, ಕೂತು ಊಟ ಮಾಡು ಅಂದನಂತೆ. ಮುದುಕ ಇಳಿಸಿದನಂತೆ.

ಆಮೇಲೆ ಐರಿಯವರು ಹೊಳೆ ದಾಟಲಿಲ್ಲ. ಕುಲುಮೆ ಅಲ್ಲೇ ಉಳಿಯಿತು. ದೇಚವ್ವ ಪ್ರತಿ ಹಬ್ಬಕ್ಕೂ ತಾನೇ ಹೂ ಇಟ್ಟು, ತಾನೇ ತೆಗೆದು, ತಾನೇ ಊದಿ ಉಸಿರು ನೋಡಿ ಆಮೇಲೆ ಕೋವಿ ಕೊಡುತ್ತಿದ್ದಳಂತೆ. ತಿಮ್ಮು ನಳಿಗೆಯನ್ನು ಅಳತೆಗೆ ಕತ್ತರಿಸಿದಾಗ ಉಳಿದ ತುದಿಯ ತುಂಡನ್ನು ಉಜ್ಜಿ, ಸುರುಳಿ ಸುರುಳಿ ಗೆರೆ ಕಾಣುವ ಒಂದು ಪುಟ್ಟ ಕಬ್ಬಿಣದ ಬಳೆ ಮಾಡಿ ಆ ಮಗುವಿನ ತೊಟ್ಟಿಲ ಹಗ್ಗಕ್ಕೆ ಕಟ್ಟಿದನಂತೆ.

ನಿನ್ನ ತೊಟ್ಟಿಲಿಗೂ ಅದೇ ಬಳೆ ಕಟ್ಟಿದ್ದೆವು. ನೀನು ಹುಟ್ಟಿದ ದಿನ ಕರಿಯವ್ವನ ಗುಡುಗಿಗೆ ಹಿತ್ತಿಲ ನಾಯಿ ಹೆದರಿ ಮಂಚದ ಕೆಳಗೆ ನುಗ್ಗಿತ್ತು, ನಿನ್ನ ತಾತನನ್ನು ಕೇಳು. ಈಗಲ್ಲ, ನಾಳೆ. ಕರಿಯವ್ವ ಗೋಡೆಯ ಮೇಲೆ ಮಲಗಿದಳು, ಕತೆಯೂ ಮುಗೀತು, ನೀನೂ ಕಣ್ಣು ಮುಚ್ಚು.