ಬುಸುಗುಟ್ಟಿದ ಬೂದಿನೀರು

ಕಾಳ್ಗಿಚ್ಚು ಹಾದುಹೋದ ಒಂದು ಕಾಡಿನಲ್ಲಿ ಚೂಪವ್ವ ಎಂಬ ಮುಳ್ಳುಹಂದಿ ಇದ್ದಳು. ದೊಡ್ಡ ಬಂಡೆಯ ಕೆಳಗೆ ಅವಳ ಬಿಲ. ಅವಳೀಗ ತುಂಬು ಬಸುರಿ.

"ಇವತ್ತು, ನಾಳೆ. ನಾಳೆ ಸಂಜೆಗೆ ಮರಿ," ಎಂದಿದ್ದಳು ಪಕ್ಕದ ಪೊದೆಯ ಕಾಡುಕೋಳಿ ಕೆಂಪಜ್ಜಿ. ಕಾಡಿನ ಹೆರಿಗೆಗಳನ್ನೆಲ್ಲ ನೋಡಿಕೊಳ್ಳುವವಳು ಅವಳೇ.

ಚೂಪವ್ವನಿಗೆ ಹೆರಿಗೆಯ ಭಯ ಇರಲಿಲ್ಲ. ಇದ್ದದ್ದು ಉಣ್ಣಿಯ ಭಯ. ಬಿಲದ ಬಿರುಕುಗಳಲ್ಲಿ ಉಣ್ಣಿಗಳು ತುಂಬಿದ್ದವು. ಹೋದ ವರ್ಷದ ಮರಿಯ ಕಿವಿ, ರೆಪ್ಪೆ ಯಾವುದನ್ನೂ ಅವು ಬಿಟ್ಟಿರಲಿಲ್ಲ. ರಕ್ತ ಹೀರಿ ಹೀರಿ ಮರಿಯನ್ನೇ ಮುಗಿಸಿದ್ದವು.

ಬಿಲ ಶುಚಿ ಮಾಡುವ ಕ್ರಮವನ್ನು ಈ ಸಲ ಕೆಂಪಜ್ಜಿ ಹೇಳಿಕೊಟ್ಟಿದ್ದಳು. ಮೊದಲ ದಿನ ಬೂದಿ, ಮರುದಿನ ಹುಳಿ. ಎರಡನ್ನೂ ಕೂಡಿಸಬಾರದು. ಬೂದಿಯನ್ನು ನೀರಿನಲ್ಲಿ ಕದಡಿ ಇಡಬೇಕು. ಬೂದಿ ತಳ ಸೇರಿದ ಮೇಲೆ ತಿಳಿಯನ್ನು ಬಸಿದು ಬಿರುಕುಗಳಿಗೆ ಸುರಿಯಬೇಕು. ಆಗ ಉಣ್ಣಿ ಸಾಯುತ್ತವೆ. ಆದರೆ ಆ ತಿಳಿ ಎಳೆಯ ಚರ್ಮವನ್ನೂ ಸುಡುತ್ತದೆ. ಅದಕ್ಕೇ ಮರುದಿನ ಕಾಡುನಿಂಬೆಯ ರಸದಲ್ಲಿ ನೆಲ ತೊಳೆಯಬೇಕು. ಹುಳಿ ತಾಗಿದರೆ ಬೂದಿಯ ಉರಿ ಇಳಿಯುತ್ತದೆ.

ಚೂಪವ್ವ ಎರಡು ಸೋರೆಬುರುಡೆ ಸಿದ್ಧಮಾಡಿಕೊಂಡಿದ್ದಳು. ಒಂದರಲ್ಲಿ ಬೂದಿಯ ತಿಳಿ, ಇನ್ನೊಂದರಲ್ಲಿ ನಿಂಬೆರಸ. ತಿಳಿಯ ಬುರುಡೆ ಎತ್ತಿಕೊಳ್ಳುವಾಗ ಹೊಟ್ಟೆಯಲ್ಲಿ ಸಣ್ಣಗೆ ಚಳುಕು ಬಂತು. ಬಿಲ ಶುಚಿಯಾಗುವ ಮೊದಲೇ ಮರಿ ಬಂದೀತೆಂದು ಅವಳು ಹೆದರಿ ಕುಳಿತಳು.

ಅಷ್ಟರಲ್ಲಿ ನರಿ ಬಣ್ಣಪ್ಪ ಬಂದ. ಬಿಲದ ಬಾಯಲ್ಲಿ ಒಟ್ಟಿದ್ದ ಗೆಣಸಿನ ರಾಶಿ ಅವನ ಕಣ್ಣಿಗೆ ಬಿತ್ತು.

"ಏನಕ್ಕಾ, ಮುಖ ಬಾಡಿದೆ?"

ಚೂಪವ್ವ ಎಲ್ಲ ಹೇಳಿದಳು.

"ಎರಡು ದಿನವಾ!" ನರಿ ಹಣೆ ಬಡಿದುಕೊಂಡ. "ಮರಿ ನಿನ್ನ ಕೋಳಿಯನ್ನು ಕೇಳಿ ಹುಟ್ಟುತ್ತದಾ? ಇವತ್ತೇ ಹುಟ್ಟಿದರೆ?"

ಚೂಪವ್ವ ಬುರುಡೆ ಕೆಳಗಿಟ್ಟಳು. "ಮತ್ತೇನು ಮಾಡಲಪ್ಪಾ?"

"ಬೂದಿಗೆ ಒಂದು ಬಲ, ಹುಳಿಗೆ ಒಂದು ಬಲ. ಎರಡನ್ನೂ ಕೂಡಿಸಿದರೆ ಎರಡು ಪಟ್ಟು! ಕಬ್ಬೆಕ್ಕಿನ ಮನೆಗೂ ಅದನ್ನೇ ಹಾಕಿದೆ. ನಿನಗೂ ಮಾಡಿಕೊಡುತ್ತೇನೆ. ಆ ಗೆಣಸು ನನಗಿರಲಿ."

"ಅಜ್ಜಿ ಕೂಡಿಸಬೇಡ ಅಂದಿದ್ದಳು..."

"ಕಾಲಲ್ಲಿ ಕಸ ಕೆದರುವವಳ ಮಾತು ಕೇಳುತ್ತೀಯಾ?"

ಮತ್ತೆ ಚಳುಕು ಬಂತು. ಚೂಪವ್ವ ತಲೆಯಾಡಿಸಿದಳು.

ನರಿ ಎರಡೂ ಬುರುಡೆಗಳನ್ನು ದೊಡ್ಡ ಕರಟವೊಂದಕ್ಕೆ ಸುರಿದ. ಬುಸ್! ನೀರು ಕುದಿದಂತೆ ಉಕ್ಕಿತು. ಗುಳ್ಳೆಗಳು ಅಂಚು ದಾಟಿ ಹರಿದವು.

"ನೋಡಿದೆಯಾ ರೋಷ!" ಎಂದು ನರಿ ಅದನ್ನು ಬಿಲದೊಳಕ್ಕೆ ಚೆಲ್ಲಿದ. ಒಂದು ಹನಿಯೂ ಉಳಿಯಲಿಲ್ಲ.

ಚೂಪವ್ವ ಒಳಗೆ ಹೋಗಿ ಬಿರುಕಿಗೆ ಮೂಗು ತಾಗಿಸಿ ನೋಡಿದಳು. ಗುಳ್ಳೆ ಒಡೆದು ಹೋಗಿತ್ತು. ಉಳಿದದ್ದು ಬರೀ ಒದ್ದೆ. ಆ ಒದ್ದೆಯ ಮೇಲೆ ಒಂದು ಉಣ್ಣಿ ನಿಧಾನವಾಗಿ ನಡೆದುಹೋಯಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಒಂದು ಸಾಲು.

ಆಗ ಅವಳಿಗೆ ಹೊಳೆಯಿತು. ಹುಳಿ ಬೂದಿಯ ಉರಿ ಇಳಿಸುತ್ತದೆ ಎಂದು ಅಜ್ಜಿ ಹೇಳಿದ್ದಳಲ್ಲ! ಉಣ್ಣಿ ಸಾಯುವ ಮೊದಲೇ ಕರಟದಲ್ಲೇ ಉರಿ ಇಳಿದಿತ್ತು. ಈಗ ಬೂದಿಯ ತಿಳಿಯೂ ಇಲ್ಲ, ನಿಂಬೆರಸವೂ ಇಲ್ಲ. ಸಮಯ ಇರುವುದು ನಾಳೆ ಸಂಜೆವರೆಗೆ ಮಾತ್ರ.

ಹೊರಗೆ ನರಿ ಗೆಣಸಿಗೆ ಬಾಯಿ ಹಾಕುತ್ತಿದ್ದ.

ಚೂಪವ್ವ ಬಿಲದಿಂದ ಹೊರಗೆ ಬಂದಳು. "ತಮ್ಮಾ, ಬಿಸಿಲಲ್ಲಿ ಯಾಕೆ? ಒಳಗೆ ತಂಪಾಗಿದೆ. ನೀನೇ ಶುಚಿ ಮಾಡಿದ ಜಾಗ. ಅಲ್ಲೇ ಮಲಗಿಕೊಂಡು ತಿನ್ನು."

ನರಿ ತಡವರಿಸಿದ. "ನಾನಾ? ಒಳಗಾ?"

"ಯಾಕೆ, ಉಣ್ಣಿ ಸತ್ತಿಲ್ಲವಾ?"

"ಸತ್ತಿವೆ, ಸತ್ತಿವೆ!"

ಬೇರೆ ದಾರಿಯಿಲ್ಲದೆ ನರಿ ಗೆಣಸು ಕಚ್ಚಿಕೊಂಡು ಒಳಗೆ ಹೋದ. ಚೂಪವ್ವ ಬಿಲದ ಬಾಯಿಗೆ ಬೆನ್ನು ಕೊಟ್ಟು, ಮುಳ್ಳು ನಿಮಿರಿಸಿ ಕುಳಿತಳು.

"ಅಕ್ಕಾ, ಸಾಕು. ದಾರಿ ಬಿಡು."

"ಇನ್ನೂ ಗೆಣಸಿದೆಯಲ್ಲ."

"ಅಯ್ಯೋ ಕಿವಿ! ಅಯ್ಯೋ ಕಂಕುಳು! ಸತ್ತಿಲ್ಲ ಅಕ್ಕಾ, ಒಂದೂ ಸತ್ತಿಲ್ಲ! ಆ ನೀರಿಗೆ ಬರೀ ಬುಸುಗುಟ್ಟುವುದು ಗೊತ್ತು. ನನಗೆ ಮೊದಲೇ ತಿಳಿದಿತ್ತು!"

ಚೂಪವ್ವ ಪಕ್ಕಕ್ಕೆ ಸರಿದಳು. ನರಿ ಹೊರಗೆ ಉರುಳಿಬಿದ್ದ. ಅವನ ಕಿವಿಯ ತುಂಬ ಉಣ್ಣಿಗಳು ಹುಣಸೆಬೀಜ ಅಂಟಿಸಿದಂತೆ ಕಚ್ಚಿಕೊಂಡಿದ್ದವು. ಕೂಗಾಟ ಕೇಳಿ ಕೆಂಪಜ್ಜಿ ಓಡಿಬಂದು ಮರದ ಕೊಂಬೆ ಏರಿದಳು.

"ಅಜ್ಜಿ, ನಿನ್ನ ಕೊಕ್ಕಿನಿಂದ ಕಿತ್ತುಬಿಡು, ಪುಣ್ಯ ಬರುತ್ತದೆ!" ಎಂದ ನರಿ.

"ಕೀಳುತ್ತೇನೆ," ಎಂದಳು ಕೆಂಪಜ್ಜಿ. "ಮೊದಲು ಸುಟ್ಟ ದಿಣ್ಣೆಯಿಂದ ಐದು ಬುರುಡೆ ಬೂದಿ ತಾ. ಆಗ ಎಡಗಿವಿ. ಆಮೇಲೆ ಮುಳ್ಳುಪೊದೆಯಿಂದ ನಿಂಬೆಹಣ್ಣು ತಾ. ಆಗ ಬಲಗಿವಿ."

ನರಿ ಓಡಿದ. ಚೂಪವ್ವ ಬಂಡೆಯ ಮೇಲಿನ ಗುಂಡಿಯ ನೀರನ್ನು ಮುಟ್ಟಿ ನೋಡಿದಳು. ಬಿಸಿಲಿಗೆ ಚೆನ್ನಾಗಿ ಕಾದಿತ್ತು. ಬಿಸಿನೀರಿನಲ್ಲಿ ಬೂದಿಯ ಸಾರ ಬೇಗ ಇಳಿಯುತ್ತದೆ. ನರಿ ಬೂದಿ ತಂದೊಡನೆ ಅಲ್ಲೇ ಕದಡಿ, ಕದಲದೆ ಕಾದು ಕುಳಿತಳು. ಪ್ರತಿ ಚಳುಕಿಗೂ ಹೊಟ್ಟೆ ಹಿಡಿದು, "ಇನ್ನೊಂದು ದಿನ, ಕಂದಾ," ಎಂದಳು.

ಹೊತ್ತು ಇಳಿಯುವಾಗ ತಿಳಿ ಸಿಕ್ಕಿತು. ಮೊದಲು ಒಂದೇ ಬಿರುಕಿಗೆ ಸುರಿದು ನೋಡಿದಳು. ಉಣ್ಣಿಗಳು ಮಡಚಿಕೊಂಡು ಉದುರಿದವು. ಆಮೇಲೆ ಉಳಿದ ಬಿರುಕುಗಳಿಗೆಲ್ಲ ಸುರಿದಳು. ಮರುದಿನ ಸತ್ತ ಉಣ್ಣಿಗಳನ್ನು ಗುಡಿಸಿ ಹಾಕಿ, ನಿಂಬೆರಸದಿಂದ ನೆಲ ತೊಳೆದಳು. ಅಲ್ಲಿ ತಾನೇ ಮೊದಲು ಕೆನ್ನೆಯಿಟ್ಟು ಮಲಗಿ ನೋಡಿದಳು. ಉರಿಯಲಿಲ್ಲ. ಹುಲ್ಲು ಹಾಸಿದಳು.

ಹಾಸಿ ಮುಗಿಯುವಷ್ಟರಲ್ಲಿ ನೋವು ಜೋರಾಯಿತು. ಸಂಜೆಗೆ ಮರಿ ಹುಟ್ಟಿತು.

ಚೂಪವ್ವ ಮರಿಯನ್ನು ನೆಕ್ಕಿ ನೆಕ್ಕಿ ಹುಡುಕಿದಳು. ಕಿವಿ ನೋಡಿದಳು. ರೆಪ್ಪೆ ನೋಡಿದಳು. ಮತ್ತೆ ನೋಡಿದಳು. ಏನೂ ಇರಲಿಲ್ಲ. ಆಗ ಅವಳಿಗೆ ನಿದ್ದೆ ಬಂತು.

ಹೊರಗೆ ನರಿ ಕೋಳಿಯ ಮುಂದೆ ತಲೆ ಬಗ್ಗಿಸಿ ಕುಳಿತಿದ್ದ.

"ಅಜ್ಜಿ, ಮೈಮೇಲಿನ ಉಣ್ಣಿ ನನ್ನ ಬಿಲಕ್ಕೂ ಹತ್ತಿವೆ. ತನ್ನ ಮನೆಯ ಉಣ್ಣಿಯೂ ಸತ್ತಿಲ್ಲವೆಂದು ಕಬ್ಬೆಕ್ಕು ಬೇರೆ ನನ್ನನ್ನು ಹುಡುಕುತ್ತಿದೆಯಂತೆ. ಏನು ಮಾಡಲಿ?"

"ಎರಡು ಮನೆಗಾಗುವಷ್ಟು ಬೂದಿ ಹೊರು," ಎಂದು ಕೆಂಪಜ್ಜಿ ಕೊನೆಯ ಉಣ್ಣಿಯನ್ನು ಕುಕ್ಕಿ ತೆಗೆದಳು.

ನೀತಿ: ಆತುರದಲ್ಲಿದ್ದಾಗಲೂ ಆರ್ಭಟಕ್ಕೆ ಮರುಳಾಗದೆ, ಮೊದಲು ಸ್ವಲ್ಪದರಲ್ಲಿ ಪರೀಕ್ಷಿಸಿ ನೋಡಬೇಕು, ಪರರ ಸಂಕಟದಲ್ಲಿ ಲಾಭ ಹುಡುಕುವವನು ಅದೇ ಸಂಕಟಕ್ಕೆ ಸಿಲುಕುತ್ತಾನೆ.